ಬರದ ನಾಡಿನಲ್ಲಿ ಹಿತ್ತಿಲ ಹಸಿರು

ವಿಜಾಪುರ ಸೀಮೆಯ ಇತಿಹಾಸವನ್ನು ಅವಲೋಕಿಸುವವರಿಗೆ ಕೋಟೆ, ಗುಮ್ಮಟಗಳ ಕೀರ್ತಿಯೊಡನೆ ಬರಗಾಲಗಳ ಕಹಿ ನೆನಪೂ ಎದುರಾಗುತ್ತದೆ. ಗೊಳಸಂಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಇಂಡಿ, ಸಿಂದಗಿಗಳು ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿವೆ. ಇಲ್ಲಿಯ ಎರೆಭೂಮಿ ಹಿಂಗಾರಿನ ಬಿಳಿಜೋಳಕ್ಕೆ ಹೆಸರಾದುದು. ಆದರೆ ಮಳೆ ಕೈಕೊಟ್ಟ ವರ್ಷ ಕಣವೂ ಬರಿದು, ಕಣಜವೂ ಬರಿದು.

1791–92ರ ಕ್ಷಾಮವನ್ನು ಜನರು ತಲೆಬುರುಡೆಗಳ ಬರವೆಂದೇ ತಲೆಮಾರುಗಳ ಕಾಲ ನೆನೆದರು. 1876–78ರ ಮಹಾಕ್ಷಾಮ ಅದಕ್ಕಿಂತ ಕಿರಿದಾಗಿರಲಿಲ್ಲ. ಮುಂದೆ ವಿಜಾಪುರವೆಂದು ಹೆಸರಾದ ಅಂದಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ 1872ರಿಂದ 1881ರೊಳಗೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ಕುಗ್ಗಿತು. ಆ ದಿನಗಳಲ್ಲಿ ಪರಿಹಾರ ಕಾಮಗಾರಿಯ ಕೂಲಿಯನ್ನು ರಿಚರ್ಡ್ ಟೆಂಪಲ್ ಅವರು ದಿನಕ್ಕೆ 1 ಪೌಂಡ್ ಧಾನ್ಯ ಮತ್ತು ಅಲ್ಪ ಹಣಕ್ಕೆ ಇಳಿಸಿದರು. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಅವರು ಇದನ್ನು ಪ್ರತಿಭಟಿಸಿದರು. ಧಾನ್ಯದ ಪ್ರಮಾಣ ಹೆಚ್ಚಬೇಕು. ಅದರೊಡನೆ ಬೇಳೆ, ಕಾಯಿಪಲ್ಲೆಗಳೂ ದೊರೆಯಬೇಕು ಎಂಬುದು ಅವರ ವಾದವಾಗಿತ್ತು.

ವೈದ್ಯರು ವಾದಿಸಿ ಹೇಳಿದ ಈ ಮಾತನ್ನು ನಮ್ಮ ತಾಯಂದಿರು ಅನುಭವದಿಂದ ಅರಿತಿದ್ದರು. ಹಳ್ಳಿಯ ಮನೆಗೆ ಎರಡು ಭಂಡಾರಗಳಿದ್ದವು. ನೆಲದೊಳಗಿನ ಹಗೇವಿನಲ್ಲಿ ಜೋಳ; ಹಿತ್ತಿಲಿನಲ್ಲಿ ಪಲ್ಲೆ. ಬಚ್ಚಲ ನೀರು ಹರಿಯುವಲ್ಲಿ ಬದನೆ, ಮೆಣಸಿನ ಗಿಡ, ರಾಜಗಿರಿ. ಬೇಲಿಗೆ ಹೀರೆ, ಅವರೆ. ಮೂಲೆಯಲ್ಲಿ ನುಗ್ಗೆ, ಕರಿಬೇವು. ಹೊಲದ ಅಕ್ಕಡಿ ಸಾಲಿನಿಂದ ಬೇಳೆಕಾಳು, ಪುಂಡಿಪಲ್ಲೆ ಬರುತ್ತಿದ್ದವು. ರೊಟ್ಟಿ ಹೊಟ್ಟೆಯನ್ನು ತುಂಬಿದರೆ ಸೊಪ್ಪು, ಕಾಳುಗಳು ಮಕ್ಕಳ ಕಣ್ಣಿಗೂ ರಕ್ತಕ್ಕೂ ಬಲ ನೀಡುತ್ತಿದ್ದವು.

ಹಾಗೆಂದು ಹಿತ್ತಿಲು ಮಹಾಕ್ಷಾಮವನ್ನು ತಡೆಯಬಲ್ಲದೆಂದು ಹೇಳಲಾಗದು. ಬಾವಿ ಬತ್ತಿದಾಗ ಬಳ್ಳಿಯೂ ಬಾಡುತ್ತದೆ. ಡೋಣಿ ಹೊಳೆಯ ನೀರು ಸವುಳು. ಅದು ಹರಿಯುವ ಊರುಗಳಲ್ಲಿಯೂ ತರಕಾರಿಗೆ ಸಿಹಿನೀರು ಸುಲಭವಲ್ಲ. ಹಿತ್ತಿಲಿನ ನಿಜವಾದ ಸೇವೆ ಸಾಮಾನ್ಯ ವರ್ಷಗಳಲ್ಲಿ: ಸುಗ್ಗಿಗೆ ಮುಂಚಿನ ತಿಂಗಳುಗಳಲ್ಲಿ ಸಂತೆಯ ಸಾಲವನ್ನು ತಪ್ಪಿಸುವುದು, ಬಡವರ ತಾಟಿನಲ್ಲಿ ರೊಟ್ಟಿಯ ಜೊತೆಗೆ ಇನ್ನೊಂದು ತುತ್ತನ್ನು ಇರಿಸುವುದು.

ಸ್ವಾತಂತ್ರ್ಯಾನಂತರ, 1963ರಿಂದ ಯುನಿಸೆಫ್ ಮೊದಲಾದ ವಿಶ್ವಸಂಸ್ಥೆಯ ಅಂಗಗಳ ನೆರವಿನಿಂದ ದೇಶದಲ್ಲಿ ವಿಸ್ತರಿಸಿದ ಅನ್ವಯಿಕ ಪೌಷ್ಟಿಕಾಹಾರ ಯೋಜನೆಯು ಶಾಲಾತೋಟ, ಮನೆತೋಟಗಳನ್ನು ಪ್ರೋತ್ಸಾಹಿಸಿತು. 1964ರಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ಕೃಷ್ಣೆಯ ನೀರು ಅನೇಕ ಹೊಲಗಳನ್ನು ತಣಿಸಿತು. ಆದರೆ ಮುಳುಗಡೆಯ ಊರುಗಳವರು ಮನೆ, ಹೊಲಗಳೊಡನೆ ಹಿತ್ತಿಲುಗಳನ್ನೂ ಬಿಟ್ಟು ಬರಬೇಕಾಯಿತು. ಆ ನಷ್ಟವನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವುದು ಕಷ್ಟ.

2018ರಲ್ಲಿ ಆರಂಭವಾದ ಪೋಷಣ್ ಅಭಿಯಾನದಡಿ ಅಂಗನವಾಡಿಗಳಲ್ಲಿ ಪೌಷ್ಟಿಕ ತೋಟಗಳಿಗೆ ಮತ್ತೆ ಉತ್ತೇಜನ ದೊರೆತಿದೆ. ಹೆಸರು ಹೊಸದು, ವಿದ್ಯೆ ಹಳೆಯದು. ಶತಮಾನದ ನೆನಪುಗಳನ್ನು ಕಲೆಹಾಕುವ ಈ ಸಂದರ್ಭದಲ್ಲಿ, ಬೀಜವನ್ನು ಬೂದಿಯಲ್ಲಿ ಬೆರೆಸಿ ಕಾಪಿಟ್ಟು ಮುಂದಿನ ಮಳೆಗಾಲಕ್ಕೆ ಒಪ್ಪಿಸಿದ ಹೆಸರಿಲ್ಲದ ತಾಯಂದಿರನ್ನೂ ಸ್ಮರಿಸೋಣ. ಅವರು ಉಳಿಸಿದ ಬೀಜವನ್ನು ಬಿತ್ತುವುದು ಇನ್ನು ನಮ್ಮ ಪಾಲಿನ ಕೆಲಸ.