ಉದ್ಯಾನವೂ ಸ್ಮಾರಕವಾಗಬಹುದೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಸ್ಮಾರಕವೆಂಬ ಮಾತು ಬಂದೊಡನೆ ಜನರ ಮನಸ್ಸು ಕಲ್ಲಿನ ಕಡೆಗೆ ಹೋಗುವುದು ಸಹಜ. ಅರಳಗುಪ್ಪೆಯಲ್ಲಿ ನೊಳಂಬರ ಕಾಲದ ಕಲ್ಲೇಶ್ವರ ದೇಗುಲವಿದೆ. ತುರುವೇಕೆರೆಯ ಗಂಗಾಧರೇಶ್ವರನ ಮುಂದೆ ನುಣುಪಾದ ಕರಿಯ ನಂದಿಯಿದೆ. ಸೆಟ್ಟಿಕೆರೆಯಲ್ಲಿ ಹೊಯ್ಸಳರ ಯೋಗಮಾಧವನಿದ್ದಾನೆ. ಇವುಗಳನ್ನು ಉಳಿಸಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಮರ, ಬಳ್ಳಿ, ಹುಲ್ಲುಗಳಿಂದಾದ ಸಾರ್ವಜನಿಕ ಉದ್ಯಾನಕ್ಕೂ ಚರಿತ್ರೆಯಲ್ಲಿ ಅಂತಹ ಸ್ಥಾನ ಸಲ್ಲಬೇಕೆಂದರೆ, ಇಂದು ಚಿಗುರಿ ನಾಳೆ ಬೀಳುವ ಮರಕ್ಕೆ ಸ್ಮಾರಕತ್ವವೆಲ್ಲಿಯದು ಎಂಬ ಪ್ರಶ್ನೆ ಏಳುತ್ತದೆ. ಬೆಂಗಳೂರಿನ ಎರಡು ಉದ್ಯಾನಗಳ ಇತಿಹಾಸವು ಈ ಪ್ರಶ್ನೆಗೆ ಉತ್ತರ ಕೊಡಬಲ್ಲದು.

ಲಾಲ್‌ಬಾಗಿಗೆ 1760ರಲ್ಲಿ ಹೈದರಲಿಯು ತಳಹದಿ ಹಾಕಿದನು. ಟೀಪು ಸುಲ್ತಾನನು ದೂರದೇಶಗಳಿಂದ ಗಿಡಗಳನ್ನೂ ಬೀಜಗಳನ್ನೂ ತರಿಸಿ ಅದನ್ನು ಬೆಳೆಸಿದನು. 1856ರಲ್ಲಿ ಅದು ಸರ್ಕಾರದ ಸಸ್ಯೋದ್ಯಾನವಾಯಿತು. 1874ರಲ್ಲಿ ಬಂದ ಜಾನ್ ಕ್ಯಾಮರನ್ನನ ಆಡಳಿತದಲ್ಲಿ ಹೊರನಾಡುಗಳ ಅನೇಕ ಸಸ್ಯಗಳು ಇಲ್ಲಿ ನೆಲೆಯೂರಿದವು. ಗಾಜಿನ ಮನೆಗೆ 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರನು ಅಸ್ತಿಭಾರವಿಟ್ಟನು. 1908ರಲ್ಲಿ ಆಡಳಿತ ವಹಿಸಿಕೊಂಡ ಜರ್ಮನಿಯ ಕ್ರುಂಬಿಗಲ್, ಅವನ ತರುವಾಯ ಜವರಾಯ, ಅನಂತರ ಮರಿಗೌಡ, ಹೀಗೆ ಒಬ್ಬರಾದ ಮೇಲೊಬ್ಬರು ಅದನ್ನು ಪೋಷಿಸಿದರು. ಅರಸರು ಹೋದರು, ಆಳರಸರು ಹೋದರು, ತೋಟ ಉಳಿಯಿತು. ಇಂದು ಅದರ ವಿಸ್ತಾರ ಸುಮಾರು 240 ಎಕರೆ.

ಕಬ್ಬನ್ ಪಾರ್ಕು ಇದಕ್ಕಿಂತ ಕಿರಿಯದು. ಸಂಸ್ಥಾನವು ಕಮಿಷನರರ ಆಡಳಿತದಲ್ಲಿದ್ದ ಕಾಲದಲ್ಲಿ, 1870ರಲ್ಲಿ, ಮುಖ್ಯ ಎಂಜಿನಿಯರನಾಗಿದ್ದ ರಿಚರ್ಡ್ ಸ್ಯಾಂಕಿ ಅದನ್ನು ರೂಪಿಸಿದನು. ಮೊದಲು ಅದಕ್ಕೆ ಮೀಡನ ಹೆಸರು, ಬಳಿಕ ಕಬ್ಬನ್ನನ ಹೆಸರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ವರ್ಷವಾದ 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂಬ ಹೆಸರು ಬಂದಿತು. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ನಿಂತಿದೆ.

ಇಂತಹ ಸ್ಥಳಗಳಿಗೆ ಕಾನೂನಿನಲ್ಲಿರುವ ಆಶ್ರಯವೇನು? 1958ರ ಕೇಂದ್ರ ಶಾಸನವು ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಟ್ಟಡ, ಸಮಾಧಿ, ಗುಹೆ, ಶಿಲಾಶಿಲ್ಪ, ಶಾಸನ, ಏಕಶಿಲೆಗಳನ್ನು ಪ್ರಾಚೀನ ಸ್ಮಾರಕಗಳೆಂದು ಎಣಿಸುತ್ತದೆ. ಆ ಪಟ್ಟಿಯಲ್ಲಿ ಉದ್ಯಾನವೆಂಬ ಹೆಸರಿಲ್ಲ. ಇಲ್ಲೊಂದು ವಿಚಿತ್ರವೂ ಇದೆ. ಲಾಲ್‌ಬಾಗಿನೊಳಗೆ ಕೆಂಪೇಗೌಡನ ಗೋಪುರವನ್ನು ಹೊತ್ತ ಬಂಡೆಯು ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದೆಂದು ಹೆಸರಾದದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಬಂಡೆಗೆ ದೊರೆತ ಈ ಬಿರುದು ಅದರ ಸುತ್ತಲಿನ ತೋಟಕ್ಕೆ ದೊರೆಯಲಿಲ್ಲ.

ತೋಟಕ್ಕೆ ಆಶ್ರಯವಾಗಿ ಬಂದುದು 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯಿದೆ. ಅದರ ಪ್ರಕಾರ ಈ ಉದ್ಯಾನಗಳ ನೆಲವನ್ನು ಮಾರುವಂತಿಲ್ಲ, ಗುತ್ತಿಗೆಗೆ ಕೊಡುವಂತಿಲ್ಲ, ಅಡವಿಡುವಂತಿಲ್ಲ. ಆದರೂ ಕಾಯಿದೆಯೊಂದೇ ಸಾಲದೆಂಬುದನ್ನು ಮುಂದಿನ ವರ್ಷಗಳು ತೋರಿಸಿದವು. 1998ರಲ್ಲಿ ಕಬ್ಬನ್ ಪಾರ್ಕಿನ ಎಲ್ಲೆಯನ್ನು ಕುಗ್ಗಿಸುವ ಯತ್ನ ನಡೆದಾಗ ನಾಗರಿಕರು ಬೀದಿಗಿಳಿದು ಪ್ರತಿಭಟಿಸಿ, ನ್ಯಾಯಾಲಯದ ಬಾಗಿಲನ್ನೂ ತಟ್ಟಿದರು. 2009ರಲ್ಲಿ ಮೆಟ್ರೋ ರೈಲಿನ ಮಾರ್ಗಕ್ಕಾಗಿ ಲಾಲ್‌ಬಾಗಿನ ಅಂಚಿನ ಗೋಡೆ ಬಿದ್ದಿತು, ಮರಗಳು ಉರುಳಿದವು. ಬೇಲಿಯನ್ನು ಹಾಕಿದವರಿಗೆ ಅದನ್ನು ಸರಿಸುವ ಅಧಿಕಾರವೂ ಇರುತ್ತದೆ. ಚಾರಿತ್ರಿಕ ಸ್ಥಾನವನ್ನು ಬೇಡುವುದರ ಅರ್ಥ ಇದೇ: ಉದ್ಯಾನವನ್ನು ಖಾಲಿ ನೆಲವೆಂದು ಎಣಿಸದೆ, ನಾಡಿನ ನೆನಪೆಂದು ಎಣಿಸಬೇಕು.

ಹೊರನಾಡುಗಳಲ್ಲಿ ಈ ಭಾವನೆಗೆ ಮನ್ನಣೆ ದೊರೆತಿದೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕು 1963ರಲ್ಲಿ ಅಮೆರಿಕದ ರಾಷ್ಟ್ರೀಯ ಚಾರಿತ್ರಿಕ ಸ್ಥಳವೆನಿಸಿತು. 1859ರಲ್ಲಿ ಸ್ಥಾಪಿತವಾದ ಸಿಂಗಪುರದ ಸಸ್ಯೋದ್ಯಾನವು 2015ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಲಾಲ್‌ಬಾಗು ಅದಕ್ಕಿಂತ ಸುಮಾರು ನೂರು ವರ್ಷ ಹಿರಿಯದು. ಸ್ಮಾರಕ ರಕ್ಷಣೆಯ ಅಂತರರಾಷ್ಟ್ರೀಯ ಮಂಡಲಿಯು 1981ರಲ್ಲಿ ಫ್ಲಾರೆನ್ಸಿನಲ್ಲಿ ಸಿದ್ಧಪಡಿಸಿದ ಸನ್ನದಿನಲ್ಲಿ ಐತಿಹಾಸಿಕ ತೋಟವನ್ನು ಜೀವಂತ ಸ್ಮಾರಕವೆಂದು ಕರೆಯಲಾಗಿದೆ. ಅದರ ಅಂಗಗಳು ಸಾಯುವಂಥವು, ಆದರೆ ಮರಳಿ ಹುಟ್ಟಿಸಬಹುದಾದಂಥವು ಎಂಬುದು ಅದರ ತಾತ್ಪರ್ಯ.

ಈ ತತ್ತ್ವವನ್ನು ತಿಳಿಯಲು ಕಲ್ಪತರುವಿನ ನಾಡಿನವರು ಫ್ಲಾರೆನ್ಸಿಗೆ ಹೋಗಬೇಕಾಗಿಲ್ಲ. ತೆಂಗಿನ ಮರಕ್ಕೆ ಆಯುಸ್ಸಿನ ಮಿತಿಯುಂಟು. ಮರ ಮುದಿಯಾಗುತ್ತಿರುವಾಗಲೇ ಜಾಣ ರೈತನು ಸಾಲಿನ ನಡುವೆ ಎಳೆಯ ಸಸಿಯನ್ನು ನೆಡುತ್ತಾನೆ. ಸಸಿ ಫಲಕ್ಕೆ ಬರುವ ವೇಳೆಗೆ ಹಳೆಯದನ್ನು ತೆಗೆಯುತ್ತಾನೆ. ಮರಗಳೆಲ್ಲ ಬದಲಾದರೂ ಅದು ಅಜ್ಜನ ತೋಟವೇ. ಸಾಲು, ಕಾಲುವೆ, ಬದು, ಬಾವಿ ಇವು ಉಳಿದಿರುವವರೆಗೆ, ನೆಡುವ ಕೈ ನಿಲ್ಲದಿರುವವರೆಗೆ ತೋಟ ಸಾಯುವುದಿಲ್ಲ. ನೆಲ ಪರಭಾರೆಯಾಗಿ ಬದು ಒಡೆದರೆ ಮಾತ್ರ, ನೂರು ಮರ ನಿಂತಿದ್ದರೂ ತೋಟ ಹೋದಂತೆಯೇ.

ಸಾರ್ವಜನಿಕ ಉದ್ಯಾನದಲ್ಲಿ ಕಾಪಾಡಬೇಕಾದುದೂ ಅದೇ: ಎಲ್ಲೆ, ವಿನ್ಯಾಸ, ನೆಡುವ ಪರಂಪರೆ. ಇದು ರಾಜಧಾನಿಗೆ ಮಾತ್ರ ಸೇರಿದ ಕೆಲಸವಲ್ಲ. 1985ರ ಉದ್ಯಾನ ಮತ್ತು ಆಟದ ಬಯಲುಗಳ ಕಾಯಿದೆಯು ಊರಿನ ಉದ್ಯಾನಗಳ ಪಟ್ಟಿಯನ್ನು ಸಿದ್ಧಪಡಿಸುವ ಹೊಣೆಯನ್ನು ಸ್ಥಳೀಯ ಅಧಿಕಾರಿಗಳ ಮೇಲೆ ಹೊರಿಸಿದೆ. ತಾಲ್ಲೂಕು ಊರುಗಳ ವಿದ್ಯಾವಂತರು ಆ ಪಟ್ಟಿಯನ್ನು ಕೇಳಿ ನೋಡಬಹುದು. ಎಲ್ಲೆಗಳನ್ನು ಹಳೆಯ ನಕ್ಷೆಗಳೊಡನೆ ತಾಳೆಮಾಡಬಹುದು. ಯಾವ ಮರವನ್ನು ಯಾರು, ಯಾವಾಗ ನೆಟ್ಟರೆಂಬುದನ್ನು ಹಿರಿಯರಿಂದ ಕೇಳಿ ಬರೆದಿಡಬಹುದು. ಬರಹವಿಲ್ಲದ ಸ್ಥಳಕ್ಕೆ ಚಾರಿತ್ರಿಕ ಸ್ಥಾನವನ್ನು ಬೇಡುವುದು ಕಷ್ಟ.

ಕಲ್ಲಿನ ಗುಡಿಯನ್ನು ಕಟ್ಟಿದವರು ಒಮ್ಮೆ ಕಟ್ಟಿ ಹೋದರು. ಉದ್ಯಾನವನ್ನು ಪ್ರತಿಯೊಂದು ತಲೆಮಾರೂ ಮತ್ತೊಮ್ಮೆ ಕಟ್ಟಬೇಕಾಗಿದೆ. ಅದಕ್ಕೆ ಸ್ಮಾರಕವೆಂಬ ಹೆಸರು ದೊರೆತರೆ ಆ ಹೊಣೆ ಮುಗಿಯುವುದಿಲ್ಲ, ಆರಂಭವಾಗುತ್ತದೆ.