‘ಬಹುದು’ ಮತ್ತು ‘ತಕ್ಕದ್ದು’: ಕುಡಿದು ಗಾಡಿ ಹೊಡೆದವನನ್ನ ಬಿಡೋದು ಯಾರ ಕೈಯಾಗೈತಿ?

1/6
ಫೋಟೊದಾಗ ಕಾಣೋದು ನಮ್ಮ ಬೆಳ್ಳಟ್ಟಿ ಹೊರಗಿನ ರಸ್ತೆ, ಸಂಜಿ ಏಳರ ಹೊತ್ತು. ಚಂದ ಐತಿ ಅಂತ ಲೈಕ್ ಒತ್ತಿ ಮುಂದ ಹೋಗಬ್ಯಾಡ್ರಿ. ಸ್ವಲ್ಪ ನಿಲ್ರಿ.

ಮೂರು ವರ್ಷದ ಹಿಂದ ನಮ್ಮ ಕಾಕಾ ಮದುವೆ ಊಟ ಮುಗಿಸಿ ಬೈಕ್ ಮೇಲೆ ಬರ್ತಿದ್ದರು. ಕುಡಿದಿದ್ದರು. ದಾರಿಯಲ್ಲಿ ಪೊಲೀಸರು ನಿಲ್ಲಿಸಿದರು. ಯಾವ ಊರು, ಯಾರ ಮಗ, ಮಕ್ಕಳೆಷ್ಟು ಅಂತ ಕೇಳಿದರು. “ಸಾವಕಾಶ ಹೋಗು” ಅಂತ ಬಿಟ್ಟರು. ಮನೆಯಾಗ ಎಲ್ಲರೂ “ಆ ಪೊಲೀಸಪ್ಪಗ ಪುಣ್ಯ ಬರಲಿ” ಅಂದರು. ನಾನೂ ಅಂದೆ.

ಆರು ತಿಂಗಳಿಗೆ ಕಾಕಾ ಹಂಗ ಕುಡಿದು ಬರುವಾಗ ಸೈಕಲ್ ಮೇಲೆ ಹೊಂಟಿದ್ದ ಒಬ್ಬರಿಗೆ ಗುದ್ದಿದರು. ಆ ಹಿರಿಯರ ಜೀವ ಉಳೀತು. ಆದರೆ ಇವತ್ತಿಗೂ ಕೋಲು ಹಿಡಿದೇ ನಡೀತಾರೆ.

ಮೊದಲ ಸಲ ಬಿಟ್ಟದ್ದು ದಯೆನಾ, ತಪ್ಪಾ? ಇದನ್ನ ತಿಳ್ಕೊಳ್ಳಾಕ ಕಾನೂನಿನ ಇತಿಹಾಸ ಓದಿದೆ. ಇಡೀ ಇತಿಹಾಸ ಎರಡು ಪದದ ಮೇಲೆ ನಿಂತೈತಿ ನೋಡ್ರಿ: ‘ಬಹುದು’, ‘ತಕ್ಕದ್ದು’.

2/6
ಮೊದಲು ನಮ್ಮ ನೆಲದ ಕಥೆ. ಸ್ವಾತಂತ್ರ್ಯಕ್ಕೆ ಮೊದಲು ಶಿರಹಟ್ಟಿ ಇದ್ದದ್ದು ಸಾಂಗ್ಲಿ ಸಂಸ್ಥಾನದಲ್ಲಿ. 1948ರಲ್ಲಿ ಆ ಸಂಸ್ಥಾನ ಮುಂಬೈ ಪ್ರಾಂತಕ್ಕೆ ಸೇರಿತು. ಮರುವರ್ಷವೇ ಮುಂಬೈ ಪಾನನಿಷೇಧ ಕಾಯ್ದೆ, 1949 ಬಂತು. ಪರ್ಮಿಟ್ ಇಲ್ಲದೆ ಕುಡಿಯೋದೇ ಅಪರಾಧ. ಗಾಡಿ ಹೊಡೀರಿ, ಮನೆಯಾಗ ಕೂಡ್ರಿ, ಎರಡೂ ತಪ್ಪೇ!

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1965ರ ಅಬಕಾರಿ ಕಾಯ್ದೆ ಬಂದು, ಆ ದಶಕದ ಕೊನೆಗೆ ಪಾನನಿಷೇಧ ಹೋಯಿತು. ಕುಡಿಯೋದು ತಪ್ಪಲ್ಲ, ಕುಡಿದು ಗಾಡಿ ಹೊಡೆಯೋದು ತಪ್ಪು ಅನ್ನೋ ಗೆರೆ ಈಗ ಮುಖ್ಯ ಆಯಿತು. ಆ ಗೆರೆ ಎಲ್ಲಿ ಐತಿ ಅಂತ ರಾತ್ರಿ ರಸ್ತೆ ಮೇಲೆ ಹೇಳೋರು ಯಾರು? ಪೊಲೀಸ್!

3/6
ಆಗ ಇದ್ದದ್ದು 1939ರ ಮೋಟಾರು ವಾಹನ ಕಾಯ್ದೆ. ಅದರ ಕಲಂ 117 ಶುರುವಿನಲ್ಲಿ ಯಾವ ಅಳತೆಯನ್ನೂ ಹೇಳಲಿಲ್ಲ. ವಾಹನದ ಮೇಲೆ ಸರಿಯಾದ ಹಿಡಿತ ಇಟ್ಟುಕೊಳ್ಳಲು ಆಗದಷ್ಟು ಅಮಲು ಇದ್ದರೆ ಅಪರಾಧ, ಅಷ್ಟೇ. ‘ಅಷ್ಟು’ ಅಂದ್ರ ಎಷ್ಟು? ಬಾಯಿ ವಾಸನೆ, ತೂರಾಡೋ ನಡಿಗೆ, ತೊದಲೋ ಮಾತು. ಇವೇ ಮಾಪನ.

1971ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಬ್ರೇಕ್ ಹಾಕಿತು. ಬಚುಭಾಯಿ ಹಸನಲ್ಲಿ ಕಾರ್ಯಾನಿ ವಿರುದ್ಧ ಮಹಾರಾಷ್ಟ್ರ ಸರ್ಕಾರ ಪ್ರಕರಣ. ವಾಸನೆ ಬಂತು, ನಡಿಗೆ ಸರಿ ಇರಲಿಲ್ಲ, ಕಣ್ಣಿನ ಪಾಪೆ ಹಿಗ್ಗಿತ್ತು ಅನ್ನೋದರಿಂದಷ್ಟೇ ಮನುಷ್ಯ ಮದ್ಯ ಕುಡಿದಿದ್ದ ಅಂತ ತೀರ್ಮಾನ ಮಾಡಕ್ಕಾಗಲ್ಲ ಅಂತ ಕೋರ್ಟ್ ಹೇಳಿತು. ಅಂದ್ರ ಪೊಲೀಸರ ಮೂಗು ಸಾಕಾಗಲಿಲ್ಲ. ಪರೀಕ್ಷೆ ಬೇಕಾಯಿತು.

ಅಷ್ಟೊತ್ತಿಗೆ ಹೊರಗಿನ ದೇಶದಾಗ ಮಷಿನ್ ಬಂದಿತ್ತು. ಅಮೆರಿಕದ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ಉಸಿರು ಅಳೆಯೋ ಯಂತ್ರ ಮಾಡಿದ್ದ. ಬ್ರಿಟನ್ 1967ರಲ್ಲಿ 100 ಮಿ.ಲೀ. ರಕ್ತಕ್ಕೆ 80 ಮಿ.ಗ್ರಾಂ ಮದ್ಯಸಾರ ಅಂತ ಮಿತಿ ಹಾಕಿತ್ತು.

4/6
ನಮ್ಮಲ್ಲಿ 1988ರ ಹೊಸ ಕಾಯ್ದೆ ಬಂತು. ಅದರ ಕಲಂ 185 ಮೊದಲಿಗೆ ಭಾರಿ ಕಟ್ಟುನಿಟ್ಟು: ರಕ್ತದಾಗ ಮದ್ಯ ಎಷ್ಟೇ ಸ್ವಲ್ಪ ಇದ್ದರೂ ಅಪರಾಧ. 1994ರ ತಿದ್ದುಪಡಿ ಬಂದು 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ಅನ್ನೋ ಮಿತಿ ಹಾಕಿತು. ಊದೋ ಮಷಿನ್ ಕಾನೂನಿನ ಒಳಗೇ ಬಂತು.

ಹಂಗಾದ್ರ ಪೊಲೀಸರ ವಿವೇಚನೆ ಮುಗೀತಾ? ಇಲ್ರಿ. ಕಲಂ 203 ಓದ್ರಿ. ಕುಡಿದಾನ ಅಂತ ಅನುಮಾನಿಸಲು ತಕ್ಕ ಕಾರಣ ಇದ್ದರೆ ಅಧಿಕಾರಿ ಊದಲು ಹೇಳ‘ಬಹುದು’. ಮದ್ಯ ಇದೆ ಅಂತ ಮಷಿನ್ ತೋರಿಸಿದರೆ ವಾರಂಟ್ ಇಲ್ಲದೆ ಬಂಧಿಸ‘ಬಹುದು’. ಊದಲ್ಲ ಅಂದವನ ಮೇಲೆ ಅನುಮಾನ ಇದ್ದರೂ ಬಂಧಿಸ‘ಬಹುದು’.

ಎಷ್ಟು ಕುಡಿದಾನ ಅನ್ನೋದನ್ನ ಮಷಿನ್ ಹೇಳತೈತಿ. ಯಾರ ಬಾಯಿಗೆ ಮಷಿನ್ ಹಿಡೀಬೇಕು ಅನ್ನೋದನ್ನ ಮನುಷ್ಯನೇ ಹೇಳ್ತಾನ. ಟಂಟಂ ಹುಡುಗನಿಗೋ, ಕಾರಿನಾಗಿನ ಬಿಳಿ ಅಂಗಿಯವರಿಗೋ? ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಾಗ 1982ರಿಂದ ಅನುಮಾನವೇ ಬೇಕಾಗಿಲ್ಲ, ಯಾವ ಚಾಲಕನನ್ನಾದರೂ ನಿಲ್ಲಿಸಿ ಊದಿಸ್ತಾರೆ. ನಮ್ಮಲ್ಲಿ ಅನುಮಾನದ ಕೀಲಿ ಇನ್ನೂ ಪೊಲೀಸರ ಜೇಬಿನಾಗೈತಿ. 2020ರಲ್ಲಿ ಕೊರೊನಾ ಭಯಕ್ಕೆ ಬೆಂಗಳೂರಿನಾಗ ಊದಿಸೋದನ್ನೇ ನಿಲ್ಲಿಸಿದ್ದರು, ನೆನಪೈತಲ್ಲ?

5/6
ಈಗ ‘ತಕ್ಕದ್ದು’ ಕಡೆ ಬರ್ರಿ. ಇದು ಪೊಲೀಸರನ್ನೂ ಕಟ್ಟಿ ಹಾಕೋ ಪದ.

ಕಲಂ 202ರ ಪ್ರಕಾರ ಕುಡಿದು ಗಾಡಿ ಹೊಡೆದವನನ್ನ ಬಂಧಿಸಿದರೆ 2 ತಾಸಿನೊಳಗ ವೈದ್ಯಕೀಯ ಪರೀಕ್ಷೆ ಆಗಲೇಬೇಕು. ಇಲ್ಲಂದ್ರ ಬಿಡಲೇಬೇಕು. ಇದು ಬಂಧಿತನ ರಕ್ಷಣೆಗೆ ಇರೋ ನಿಯಮ, ಒಳ್ಳೇದೇ. ಆದರೆ ರಾತ್ರಿ ಹನ್ನೊಂದಕ್ಕೆ ಹಳ್ಳಿ ರಸ್ತೆ ಮೇಲೆ ನಿಂತ ಇಬ್ಬರು ಪೊಲೀಸರನ್ನ ಯೋಚನೆ ಮಾಡ್ರಿ. ಕೈಯಾಗ ಮಷಿನ್ ಇಲ್ಲ. ಡಾಕ್ಟರ್ ಹತ್ರ ಮುಟ್ಟಬೇಕು, ಕಾಗದ ಬರೀಬೇಕು, ಕೋರ್ಟಿಗೆ ಹೋಗಬೇಕು. “ಹೋಗು ಮಾರಾಯಾ” ಅನ್ನೋದು ಬರೇ ದಯೆ ಅಲ್ಲ, ದಣಿವೂ ಹೌದು.

ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಹೆಲ್ಮೆಟ್ ಕೇಸಿನಂಗ ಇದಕ್ಕೆ ರಸ್ತೆ ಮೇಲೇ ದಂಡ ಕಟ್ಟಿ ಮುಗಿಸಕ್ಕಾಗಲ್ಲ. ರಾಜಿ ಮಾಡಬಹುದಾದ ಅಪರಾಧಗಳ ಪಟ್ಟಿ ಕಲಂ 200ರಾಗೈತಿ, ಅದರಾಗ 185 ಇಲ್ಲ. ಕೋರ್ಟಿಗೇ ಹೋಗಬೇಕು. ರಸ್ತೆ ಮೇಲೆ ರೊಕ್ಕ ಕೊಟ್ಟು “ಮುಗೀತು” ಅಂದ್ರ ಅದು ದಂಡ ಅಲ್ಲ, ಲಂಚ.

2019ರ ತಿದ್ದುಪಡಿ ಮೊದಲ ಸಲದ ದಂಡವನ್ನ 2,000ದಿಂದ 10,000 ರೂಪಾಯಿಗೆ ಏರಿಸಿತು. 6 ತಿಂಗಳ ತನಕ ಜೈಲು, ದಂಡ, ಅಥವಾ ಎರಡೂ. ಜೊತೆಗೆ ಲೈಸೆನ್ಸ್ ವಿಷಯದಾಗ ‘ಬಹುದು’ ತೆಗೆದು ‘ತಕ್ಕದ್ದು’ ತಂತು: ಈ ಅಪರಾಧ ಮಾಡ್ಯಾನ ಅಂತ ನಂಬಲು ಕಾರಣ ಇದ್ದರೆ ಲೈಸೆನ್ಸ್ ವಶಕ್ಕೆ ತಗೊಂಡು, ರದ್ದು ಅಥವಾ ಅನರ್ಹತೆಗಾಗಿ ಸಂಬಂಧಪಟ್ಟ ಪ್ರಾಧಿಕಾರಕ್ಕೆ ಕಳಿಸತಕ್ಕದ್ದು. ಆದರೆ ಊದಿಸದೇ ಬಿಟ್ಟರೆ ಈ ಯಾವ ‘ತಕ್ಕದ್ದು’ ಶುರುನೇ ಆಗಂಗಿಲ್ಲ.

6/6
ಪೊಲೀಸರಿಗೆ ವಿವೇಚನೆನೇ ಬ್ಯಾಡ ಅಂತ ನಾ ಹೇಳ್ತಿಲ್ಲ. ಹೆರಿಗೆ ನೋವಿನಾಕೀನ ಆಸ್ಪತ್ರೆಗೆ ಕರ್ಕೊಂಡು ಹೊಂಟವನನ್ನ ಹೆಲ್ಮೆಟ್ ಇಲ್ಲ ಅಂತ ಹಿಡಿದು ನಿಲ್ಲಿಸಬಾರದು. ಅಲ್ಲಿ ‘ಬಹುದು’ ಬೇಕು. ಆದರೆ ಕುಡಿದವನ ಕೈಗೆ ಗಾಡಿ ಕೀಲಿ ವಾಪಸ್ ಕೊಡೋದು ಬೇರೆ ಮಾತು.

ಆವತ್ತು ಪೊಲೀಸರು ನಮ್ಮ ಮನಿಗೆ ಒಂದು ಫೋನ್ ಮಾಡಿ “ನಿಮ್ಮ ಮನುಷ್ಯಾನ್ನ ಕರ್ಕೊಂಡು ಹೋಗ್ರಿ” ಅಂದಿದ್ದರೂ ನಡೀತಿತ್ತು. ನಾವು ಅವರನ್ನ ಬೈಕೊಂಡೇ ಹೋಗ್ತಿದ್ದೆವು. ಆದರೆ ಕಾಕಾಗ ಬುದ್ಧಿ ಬರ್ತಿತ್ತೇನೋ. ಆ ಹಿರಿಯರು ಇವತ್ತು ಸೈಕಲ್ ತುಳೀತಿದ್ದರೇನೋ.

ಪೊಲೀಸರ ಹೊಣೆಯಷ್ಟೇ ಅಲ್ಲ ಇದು. ಬಿಟ್ಟರು ಅಂತ ಖುಷಿಪಟ್ಟವರು ನಾವು. ಮರುದಿನ ಕಾಕಾನ ಕೈಗೆ ಕೀಲಿ ಕೊಟ್ಟವರೂ ನಾವೇ. ಆ ಪುಣ್ಯದ ಲೆಕ್ಕವನ್ನ ಕೋಲು ಹಿಡಿದು ನಡೆಯೋ ಆ ಹಿರಿಯರ ಮುಂದೆ ನಿಂತು ಹೇಳೋ ಧೈರ್ಯ ನನಗಿನ್ನೂ ಬಂದಿಲ್ಲ.

ನಿಮ್ಮ ಮನಿಯವರನ್ನ ಹಿಂಗ ಬಿಟ್ಟದ್ದು ಐತೇನು? ನಿಮಗ ಏನನ್ನಿಸ್ತು? ಕಮೆಂಟ್‌ನ್ಯಾಗ ಬರೀರಿ, ಊರು-ಠಾಣೆ ಹೆಸರು ಬ್ಯಾಡ. ಈ ವಾರ ಮದುವಿಗೆ ಹೊಂಟಿರೋ ಗೆಳೆಯಾಗ ಕಳಸ್ರಿ.

#ಬೆಳ್ಳಟ್ಟಿ #ಶಿರಹಟ್ಟಿ #ಗದಗ #ಕಾನೂನಿನಕಥೆ #ಕುಡಿದುಗಾಡಿಹೊಡೀಬ್ಯಾಡ್ರಿ