ಹೌಸ್ ಸರ್ಜನ್ ವರ್ಷ: ರೋಗಿಯ ಬದಿಯ ಕಲಿಕೆ ಎಲ್ಲಿ ಕಡಿದುಹೋಗುತ್ತಿದೆ?

ಐದೂವರೆ ವರ್ಷದ ಎಂ.ಬಿ.ಬಿ.ಎಸ್. ಪದವಿಯಲ್ಲಿ ಕೊನೆಯ ವರ್ಷ ಇಂಟರ್ನ್‌ಶಿಪ್. ಹಳಬರು ಇಂದಿಗೂ ಇದನ್ನು ಹೌಸ್ ಸರ್ಜನ್‌ಷಿಪ್ ಎಂದೇ ಕರೆಯುತ್ತಾರೆ. ಈ ವರ್ಷದ ಬಗ್ಗೆ ಮಾತು ಬಂದಾಗಲೆಲ್ಲ ಸ್ಟೈಪೆಂಡು, ಡ್ಯೂಟಿಯ ಹೊತ್ತು, ಭದ್ರತೆ ಈ ಮೂರೇ ಮುಂದೆ ಬರುತ್ತವೆ. ಮೂರೂ ನ್ಯಾಯವಾದ ಬೇಡಿಕೆಗಳು. ಆದರೆ ಈ ಒಂದು ವರ್ಷದಲ್ಲಿ ಕಲಿಕೆ ಹೇಗೆ ಆಗುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬ ಪ್ರಶ್ನೆ ಬಹುಮಟ್ಟಿಗೆ ಬದಿಗೆ ಬಿದ್ದಿದೆ. ತಾನು ಕೈಯಿಟ್ಟ ರೋಗಿಗೆ ಮುಂದೇನಾಯಿತು ಎಂದು ತಿಳಿದಾಗಲೇ ಇಂಟರ್ನ್ ವೈದ್ಯನಾಗಿ ಬಲಿಯುತ್ತಾನೆ. ನಮ್ಮ ಈಗಿನ ವ್ಯವಸ್ಥೆ ಆ ತಿಳಿವಳಿಕೆಯ ದಾರಿಯನ್ನೇ ಕಡಿಯುತ್ತಿದೆ. ಪ್ರಸ್ತುತ ಲೇಖನದ ವಾದ ಇದು.

ವಾರ್ಡಿನಲ್ಲೇ ವೈದ್ಯವಿದ್ಯೆ ಕಲಿಸಬೇಕೆಂಬ ಆಧುನಿಕ ಪದ್ಧತಿಗೆ ಗಟ್ಟಿ ರೂಪ ಕೊಟ್ಟವರಲ್ಲಿ ವಿಲಿಯಂ ಆಸ್ಲರ್ ಮುಖ್ಯ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 1889ರಲ್ಲಿ, ಅದರ ವೈದ್ಯಶಾಲೆ 1893ರಲ್ಲಿ ಶುರುವಾದವು. ಅಲ್ಲಿ ಆಸ್ಲರ್ ವಿದ್ಯಾರ್ಥಿಗಳನ್ನು ಉಪನ್ಯಾಸದ ಕೊಠಡಿಯಿಂದ ಎಬ್ಬಿಸಿ ವಾರ್ಡಿಗೆ ಕರೆತಂದರು. ಒಬ್ಬೊಬ್ಬರಿಗೂ ರೋಗಿಗಳನ್ನು ವಹಿಸಿಕೊಟ್ಟು, ಅವರ ಚರಿತ್ರೆ ಬರೆಯುವ, ದಿನದಿನವೂ ಅವರನ್ನು ನೋಡುವ ಹೊಣೆ ಹೊರಿಸಿದರು. ಭಾರತದಲ್ಲಿ 1946ರ ಭೋರ್ ಸಮಿತಿ ಇದಕ್ಕೆ ಇನ್ನೊಂದು ಆಯಾಮ ಸೇರಿಸಿತು: ವೈದ್ಯ ಸಮಾಜದ ವೈದ್ಯನಾಗಬೇಕು, ಅದಕ್ಕಾಗಿ ಮೂರು ತಿಂಗಳು ರೋಗತಡೆ ಮತ್ತು ಸಮಾಜವೈದ್ಯದ ತರಬೇತಿ ಬೇಕು ಎಂದಿತು. ಹೊಣೆ ಮತ್ತು ಸಮಾಜ, ಈ ಎರಡೂ ಇಂಟರ್ನ್‌ಶಿಪ್ಪಿನ ತಾಯಿಬೇರುಗಳು.

ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಾವಳಿ ಈ ವರ್ಷವನ್ನು 52 ವಾರಗಳಾಗಿ ಹಂಚಿದೆ. ಸಮುದಾಯ ವೈದ್ಯಕ್ಕೆ 12, ಹೆರಿಗೆ ಮತ್ತು ಸ್ತ್ರೀರೋಗ ವಿಭಾಗಕ್ಕೆ 7, ಮೆಡಿಸಿನ್ ಮತ್ತು ಸರ್ಜರಿಗೆ ತಲಾ 6. ಕ್ಯಾಜುವಾಲ್ಟಿ, ಮೂಳೆ, ಕಣ್ಣು, ಕಿವಿ-ಮೂಗು-ಗಂಟಲು ವಿಭಾಗಗಳಿಗೆ ಎರಡೆರಡು ವಾರ, ಚರ್ಮರೋಗಕ್ಕೆ ಒಂದು. ಎಲ್ಲವನ್ನೂ ಮುಟ್ಟಿ ಬರಲಿ ಎಂಬ ಆಶಯ ಸರಿಯಾದದ್ದೇ. ಆದರೆ ಒಂದು ವಾರದ ಪೋಸ್ಟಿಂಗ್‌ನಲ್ಲಿ ಯಾವ ರೋಗ ತನ್ನ ಪೂರ್ಣ ರೂಪ ತೋರಿಸುತ್ತದೆ? ಯೂನಿಟ್ಟಿನ ಸಿಸ್ಟರ್‌ಗೆ ಇಂಟರ್ನ್‌ನ ಹೆಸರು ಬಾಯಿಗೆ ಬರುವಷ್ಟರಲ್ಲಿ ಪೋಸ್ಟಿಂಗ್ ಮುಗಿದಿರುತ್ತದೆ.

ಇದರ ಪರಿಣಾಮ ಏನೆಂದು ನೋಡಲು ಉತ್ತರ ಕರ್ನಾಟಕದ ಸರ್ಕಾರಿ ಬೋಧನಾ ಆಸ್ಪತ್ರೆಗಳ ಕ್ಯಾಜುವಾಲ್ಟಿಯಲ್ಲಿ ಪದೇ ಪದೇ ಕಾಣುವ ಪ್ರಕರಣವೊಂದನ್ನು ಹತ್ತಿರದಿಂದ ಪರಿಶೀಲಿಸಬಹುದು. ರಾತ್ರಿ ಟಂಟಂ ಗಾಡಿಯಿಂದ ಒಬ್ಬನನ್ನು ಇಳಿಸಿಕೊಂಡು ಬಂದವರು "ಹೊಲಕ್ಕ ಹೊಡಿಯೋ ಎಣ್ಣಿ ಕುಡದಾನ್ರೀ ಸರ್" ಅನ್ನುತ್ತಾರೆ. ಆರ್ಗನೋಫಾಸ್ಫೇಟ್ ಕೀಟನಾಶಕ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಎದೆಯಲ್ಲಿ ಗೊರಗೊರ ಸದ್ದು, ಸೂಜಿಮೊನೆಯಷ್ಟಾದ ಕಣ್ಣಪಾಪೆ, ಇಳಿಯುತ್ತಿರುವ ನಾಡಿ. ಪಿ.ಜಿ. ವೈದ್ಯರು ನೋಡಿ, ಅಟ್ರೊಪಿನ್ ಶುರು ಮಾಡಿಸಿ, ಇನ್ನೊಂದು ಸ್ಟ್ರೆಚರ್ ಕಡೆ ಓಡುತ್ತಾರೆ. ಆಮೇಲೆ ಹಾಸಿಗೆಯ ಬದಿಯಲ್ಲಿ ಉಳಿಯುವವಳು ಇಂಟರ್ನ್ ಹುಡುಗಿ.

ಒಂದು ಆಂಪೂಲಿನಲ್ಲಿರುವುದು 0.6 ಮಿಲಿಗ್ರಾಂ ಅಟ್ರೊಪಿನ್. ಐದೈದು ನಿಮಿಷಕ್ಕೆ ಪ್ರಮಾಣವನ್ನು ಇಮ್ಮಡಿಸುತ್ತ ಹೋಗುವ ಕ್ರಮವನ್ನು ಶ್ರೀಲಂಕಾದಲ್ಲಿ ಕೆಲಸ ಮಾಡಿದ ಮೈಕೆಲ್ ಎಡಲ್‌ಸ್ಟನ್ ಮತ್ತು ಸಂಗಡಿಗರು ಪ್ರತಿಪಾದಿಸಿದ್ದಾರೆ. ಕಿಡ್ನಿ ಟ್ರೇಯಲ್ಲಿ ಒಡೆದ ಆಂಪೂಲುಗಳು ರಾಶಿ ಬೀಳುತ್ತವೆ. ಪ್ರತಿ ಸಲವೂ ಆಕೆ ಎದೆಗೆ ಸ್ಟೆತಸ್ಕೋಪ್ ಇಡಬೇಕು, ನಾಡಿ 80 ದಾಟಿತೇ ಎಣಿಸಬೇಕು, ಬಿ.ಪಿ. ನೋಡಬೇಕು, ಟಾರ್ಚ್ ಹಿಡಿದು ಪಾಪೆ ನೋಡಬೇಕು, ಕಂಕುಳಿಗೆ ಕೈಹಾಕಿ ಒಣಗಿದೆಯೇ ಎಂದು ಮುಟ್ಟಿ ತಿಳಿಯಬೇಕು. ಎದೆ ತಿಳಿಯಾದರೆ ಮದ್ದು ಸಾಕಾಯಿತು. ಜ್ವರ ಏರಿ, ರೋಗಿ ಬಡಬಡಿಸುತ್ತ ಹೊದಿಕೆ ಕೀಳತೊಡಗಿ, ಹೊಟ್ಟೆಯ ಸದ್ದು ನಿಂತರೆ ಮದ್ದು ಹೆಚ್ಚಾಯಿತು. ಸಾಕಾದ ಮದ್ದಿಗೂ ಹೆಚ್ಚಾದ ಮದ್ದಿಗೂ ನಡುವಿನ ಗೆರೆಯನ್ನು ಪುಸ್ತಕ ವಿವರಿಸೀತು, ಗುರುತಿಸಲು ಕಲಿಸುವುದು ಆ ರಾತ್ರಿಯೇ. ಬೆಳಗಿನ ಹೊತ್ತಿಗೆ ಆಕೆಯ ಕೈಗೆ ಬಂದಿರುವ ವಿದ್ಯೆ ಯಾವ ತರಗತಿಯಿಂದಲೂ ಬರುವಂಥದ್ದಲ್ಲ.

ಆದರೆ ಪಾಠ ಅಲ್ಲಿಗೆ ಮುಗಿಯುವುದಿಲ್ಲ. ಇದೇ ವಿಷದಲ್ಲಿ ಮೊದಲ ಗಂಡಾಂತರ ದಾಟಿ, ಮನೆಯವರೊಡನೆ ಮಾತಾಡುತ್ತ ಮಲಗಿದ ರೋಗಿಯ ಉಸಿರಾಟ 24ರಿಂದ 96 ಗಂಟೆಗಳ ನಡುವೆ ಮತ್ತೆ ಸೋಲಬಹುದು. ಶ್ರೀಲಂಕಾದ ನಿಮಲ್ ಸೇನಾನಾಯಕೆ ಮತ್ತು ಲಕ್ಷ್ಮಣ್ ಕರಳ್ಳೀದ್ದೆ 1987ರಲ್ಲಿ ಇದನ್ನು 'ಮಧ್ಯಂತರ ಲಕ್ಷಣಕೂಟ' ಎಂದು ವಿವರಿಸಿದರು. ಇದರ ಮುನ್ಸೂಚನೆ ಹಿಡಿಯಲು ಯಾವ ಯಂತ್ರವೂ ಬೇಡ. "ದಿಂಬಿನಿಂದ ತಲಿ ಎತ್ತಪ್ಪಾ" ಎನ್ನಬೇಕು. ಕತ್ತು ಏಳದಿದ್ದರೆ ವೆಂಟಿಲೇಟರ್ ಸಿದ್ಧವಾಗಬೇಕು. ಮೊದಲ ರಾತ್ರಿ ಕಾದವಳು ಮೂರನೆಯ ದಿನ ಹೋಗಿ ಆ ಕತ್ತನ್ನು ನೋಡಿದರೆ ಈ ರೋಗವನ್ನು ಜನ್ಮದಲ್ಲಿ ಮರೆಯುವುದಿಲ್ಲ. ಅಷ್ಟರಲ್ಲಿ ರೋಗಿ ಐ.ಸಿ.ಯು.ಗೆ ಹೋಗಿರುತ್ತಾನೆ, ಆಕೆ ಕ್ಯಾಜುವಾಲ್ಟಿಯಿಂದ ಬೇರೆ ಪೋಸ್ಟಿಂಗಿಗೆ. ಅವನು ಬದುಕಿದನೋ ಇಲ್ಲವೋ ಎಂದು ಆಕೆಗೆ ಹೇಳುವವರು ಯಾರೂ ಇಲ್ಲ. ಅರ್ಧ ಪಾಠ ಕಲಿತವಳು ತಾನು ಪೂರ್ತಿ ಕಲಿತೆನೆಂದು ನಂಬಿ ಹೊರಡುತ್ತಾಳೆ. ನನಗೆ ಕಳವಳ ಹುಟ್ಟಿಸುವುದು ಇದೇ.

ಹಾಗಾದರೆ ಇಂಟರ್ನ್‌ಗಳನ್ನು ಇನ್ನಷ್ಟು ಹೊತ್ತು ದುಡಿಸಬೇಕೇ? ಖಂಡಿತ ಬೇಡ. ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ 1984ರಲ್ಲಿ ಲಿಬಿ ಜಯಾನ್ ಎಂಬ 18 ವರ್ಷದ ಯುವತಿ ಸತ್ತ ಮೇಲೆ, ನಿದ್ದೆಗೆಟ್ಟ ತರಬೇತಿ ವೈದ್ಯರ ಪ್ರಶ್ನೆ ಸಾರ್ವಜನಿಕ ಚರ್ಚೆಗೆ ಬಂತು. 2003ರಲ್ಲಿ ಅಮೆರಿಕದಾದ್ಯಂತ ವಾರಕ್ಕೆ 80 ಗಂಟೆಯ ಮಿತಿ ಜಾರಿಯಾಯಿತು. 2011ರಲ್ಲಿ ಮೊದಲ ವರ್ಷದವರಿಗೆ ಒಂದು ಪಾಳಿಗೆ 16 ಗಂಟೆಯ ಮಿತಿ ಹಾಕಿ, 2017ರಲ್ಲಿ ಅದನ್ನು ಸಡಿಲಿಸಿದರು. ಸಡಿಲಿಸಲು ಕೊಟ್ಟ ಕಾರಣಗಳಲ್ಲಿ ರೋಗಿಯ ಆರೈಕೆ ಕೈಯಿಂದ ಕೈಗೆ ಹೋಗಿ ಎಳೆ ತಪ್ಪುತ್ತದೆ ಎಂಬುದೂ ಒಂದು. ನಮ್ಮಲ್ಲಿ ಕೇಂದ್ರದ 1992ರ ರೆಸಿಡೆನ್ಸಿ ಯೋಜನೆಯಲ್ಲಿಯೇ ವಾರಕ್ಕೆ 48 ಗಂಟೆಯ ಮಾತಿದೆ. ವಾರ್ಡಿನಲ್ಲಿ ಒಂದು ದಿನ ನಿಂತು ನೋಡಿದವರಿಗೆ ಅದರ ಗತಿ ತಿಳಿಯುತ್ತದೆ.

ದಣಿವಿಗೂ ಎಳೆ ತಪ್ಪುವುದಕ್ಕೂ ಪರಿಹಾರ ಒಂದೇ ಕಡೆ ಇದೆ: ಪಾಳಿ ಬದಲಾಗುವ ಆ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ. ಅಮೆರಿಕ ಮತ್ತು ಕೆನಡಾದ ಒಂಬತ್ತು ಮಕ್ಕಳ ಆಸ್ಪತ್ರೆ ತರಬೇತಿ ಕೇಂದ್ರಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಐ-ಪಾಸ್ ಅಧ್ಯಯನದಲ್ಲಿ, ಗೊತ್ತುಪಡಿಸಿದ ಕ್ರಮದಲ್ಲಿ ರೋಗಿಯನ್ನು ಮುಂದಿನವರಿಗೆ ಒಪ್ಪಿಸುವ ಪದ್ಧತಿ ತಂದ ಮೇಲೆ ವೈದ್ಯಕೀಯ ತಪ್ಪುಗಳು ಶೇಕಡ 23ರಷ್ಟು ಇಳಿದವು. ನಮ್ಮಲ್ಲಿ ಈ ಒಪ್ಪಿಸುವಿಕೆ "ಏಳನೇ ಬೆಡ್ ನೋಡ್ಕೋ" ಎಂಬಷ್ಟರಲ್ಲಿ ಮುಗಿಯುತ್ತದೆ. ಏಳನೆಯ ಬೆಡ್ಡಿನವನ ಕತ್ತಿನ ಮೇಲೆ ಕಣ್ಣಿಡಬೇಕು ಎಂಬ ಒಂದು ಸಾಲನ್ನು ಬರೆದುಕೊಡುವ ಅಭ್ಯಾಸವನ್ನು ಇಂಟರ್ನ್‌ಶಿಪ್ಪಿನ ಮೊದಲ ವಾರವೇ ಕಲಿಸಬೇಕು.

ಇನ್ನು ಲಾಗ್ ಬುಕ್. ಎಷ್ಟು ಕ್ಯಾನುಲಾ, ಎಷ್ಟು ರೈಲ್ಸ್ ಟ್ಯೂಬ್, ಎಷ್ಟು ಹೆರಿಗೆ ಎಂದು ಅದು ಕೇಳುತ್ತದೆ. ಯಾರೋ ಸಹಿ ಹಾಕುತ್ತಾರೆ. ಜಾರ್ಜ್ ಮಿಲ್ಲರ್ 1990ರಲ್ಲಿ ವೈದ್ಯಕೀಯ ಸಾಮರ್ಥ್ಯವನ್ನು ಅರಿವು, ವಿಧಾನದ ಅರಿವು, ಮಾಡಿ ತೋರಿಸುವುದು, ನಿಜ ಕೆಲಸದಲ್ಲಿ ಮಾಡುವುದು ಎಂಬ ನಾಲ್ಕು ಮೆಟ್ಟಿಲುಗಳಲ್ಲಿಟ್ಟರು. ಇಂಟರ್ನ್‌ಶಿಪ್ ನಾಲ್ಕನೆಯ ಮೆಟ್ಟಿಲಿಗೆ ಮೀಸಲಾದ ವರ್ಷ. ಆದರೆ ಅದೇ ವರ್ಷದ ನೆತ್ತಿಯ ಮೇಲೆ ನೀಟ್-ಪಿ.ಜಿ.ಯ 200 ಬಹುಆಯ್ಕೆ ಪ್ರಶ್ನೆಗಳು ತೂಗುತ್ತಿವೆ, ಅವು ಅಳೆಯುವುದು ಕೆಳಗಿನ ಮೆಟ್ಟಿಲುಗಳನ್ನೇ. ಸೀಟಿನ ಚಿಂತೆಯಲ್ಲಿ ವಾರ್ಡ್ ತಪ್ಪಿಸಿ ಓದಲು ಹೋಗುವ ಹುಡುಗರನ್ನು ದೂರಿ ಫಲವಿಲ್ಲ. ವಾರ್ಡಿನಲ್ಲಿ ಉಳಿದವರಿಗೆ ರಕ್ತದ ಸ್ಯಾಂಪಲ್ ಲ್ಯಾಬಿಗೆ ಹೊರುವ, ರಿಪೋರ್ಟ್ ಹುಡುಕುವ, ಸ್ಟ್ರೆಚರ್ ತಳ್ಳುವ ಕೆಲಸವನ್ನೇ ಹೆಚ್ಚಾಗಿ ಕೊಟ್ಟು, ಓದಲು ಹೋದವರನ್ನು ಬೈಯುವ ನೈತಿಕ ಹಕ್ಕು ಹಿರಿಯರಿಗಿಲ್ಲ.

ಒಬ್ಬನೇ ವಿದ್ಯಾರ್ಥಿ ಒಂದೇ ಊರಿನ ರೋಗಿಗಳನ್ನು ದೀರ್ಘಕಾಲ ಅನುಸರಿಸುವ ತರಬೇತಿ ಹೊಸ ಕನಸಲ್ಲ. ಮಿನೆಸೋಟ ವಿಶ್ವವಿದ್ಯಾಲಯ 1971ರಿಂದ ಮೂರನೆಯ ವರ್ಷದವರನ್ನು ತಿಂಗಳುಗಟ್ಟಲೆ ಒಂದೇ ಗ್ರಾಮೀಣ ಪ್ರದೇಶದಲ್ಲಿ ಇರಿಸಿ ಕಲಿಸುತ್ತಿದೆ. ನಮ್ಮಲ್ಲೂ ಆಯೋಗದ ಕುಟುಂಬ ದತ್ತು ಕಾರ್ಯಕ್ರಮದಡಿ ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಮನೆಗಳನ್ನು ಕಾಣುತ್ತಾರೆ. ಸಮುದಾಯ ವೈದ್ಯದ 12 ವಾರಗಳನ್ನು ಅದೇ ಮನೆಗಳಿರುವ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ತಾಲೂಕು ಆಸ್ಪತ್ರೆಗೆ ಜೋಡಿಸಿದರೆ, ಹಿಂದೆ ಬಿ.ಪಿ. ನೋಡಿ ಬಂದ ಅಜ್ಜಿಗೆ ಈಗ ಮಾತ್ರೆ ಬರೆಯುವ ಹೊಣೆಯೂ ಅದೇ ಹುಡುಗನದ್ದಾಗುತ್ತದೆ.

ವೈದ್ಯಕೀಯ ಕಾಲೇಜುಗಳ ಮುಖ್ಯಸ್ಥರಲ್ಲಿ ಒಂದು ವಿನಂತಿ. ಲಾಗ್ ಬುಕ್ಕಿನ ಪ್ರತಿ ಪೋಸ್ಟಿಂಗ್‌ನ ಕೊನೆಗೆ ಒಂದು ಪುಟ ಸೇರಿಸಿ: ಈ ವಿಭಾಗದಲ್ಲಿ ನೀನು ನೋಡಿದ ಒಬ್ಬ ರೋಗಿಗೆ ಮುಂದೇನಾಯಿತು? ಪೋಸ್ಟಿಂಗ್ ಬದಲಾದ ಮೇಲೂ ಹೋಗಿ ನೋಡಿ ಬರಲು ವಾರಕ್ಕೆ ಒಂದು ಮಧ್ಯಾಹ್ನ ಬಿಡಿ, ಬರೆದದ್ದನ್ನು ಯೂನಿಟ್ ಮುಖ್ಯಸ್ಥರು ಕುಳಿತು ಓದಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಹಣವೂ ಬೇಕಿಲ್ಲ. ಮುಂದಿನ ಬ್ಯಾಚಿನಿಂದಲೇ ಶುರು ಮಾಡಬಹುದು.